ಹಿಂಗಾರಿಯ ಹೊಸ್ತಿಲಲ್ಲಿ ಬರುವ ಹಕ್ಕಿಗಳು: ಒಕ್ಕಲಿಗನಿಗೆ ಲಾಭವೆಷ್ಟು, ಲುಕ್ಸಾನೆಷ್ಟು?

ಹುಬ್ಬಿ ಮಳೆ ಮುಗಿದು ಉತ್ತರಿ ಕಾಲಿಡುವ ಹೊತ್ತಿಗೆ ನಮ್ಮ ಎರಿ ಹೊಲಗಳಲ್ಲಿ ಹರಗುವ ಕೆಲಸ ಭರದಿಂದ ಸಾಗಿರುತ್ತದೆ. ಮುಂಗಾರಿಯ ಹೆಸರು ಮನೆ ಸೇರಿದೆ, ಸಜ್ಜೆ ತೆನೆಗಟ್ಟಿದೆ, ಹಿಂಗಾರಿ ಜೋಳ ಮತ್ತು ಕಡಲೆಯ ಬಿತ್ತನೆಗೆ ಕೂರಿಗೆ ಸಿದ್ಧವಾಗುತ್ತಿದೆ. ಇದೇ ವೇಳೆಗೆ ಹೊಲದಲ್ಲಿ ಹೊಸ ಮುಖಗಳು ಕಾಣತೊಡಗುತ್ತವೆ. ಕುಂಟೆಯ ಹಿಂದೆ ಬಾಲ ಕುಣಿಸುತ್ತ ನಡೆಯುವ ಹಳದಿ ಹೊಟ್ಟೆಯ ಹಕ್ಕಿ, ವಿದ್ಯುತ್ ತಂತಿಯ ಮೇಲೆ ಸಾಲುಗಟ್ಟಿ ಕುಳಿತ ಕವಲು ಬಾಲದ ಹಕ್ಕಿ, ಬಾನಲ್ಲಿ ಮೋಡದಂತೆ ತಿರುಗುವ ಗುಲಾಬಿ ಬಣ್ಣದ ಹಕ್ಕಿಗಳ ಹಿಂಡು. ಇವು ನಮ್ಮೂರಿನವಲ್ಲ. ಸಾವಿರಾರು ಕಿಲೋಮೀಟರ್ ದೂರದಿಂದ ಹಾರಿಬಂದು ಏಳೆಂಟು ತಿಂಗಳು ನಮ್ಮ ನೆಲದಲ್ಲಿಯೇ ಉಂಡು ಹೋಗುವ ಅತಿಥಿಗಳು.

ಈ ಅತಿಥಿಗಳನ್ನು ಕಂಡಾಗ ರೈತ ಬಾಂಧವರು ಕೇಳುವ ಪ್ರಶ್ನೆ ಒಂದೇ: ಇವು ಬೆಳೆಗೆ ಮಿತ್ರವೋ, ಶತ್ರುವೋ? ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಒಂದೇ ಹಕ್ಕಿ ಸಪ್ಟೆಂಬರಿನಲ್ಲಿ ಮಿಡತೆ ತಿಂದು ಕೂಲಿಯಿಲ್ಲದೆ ದುಡಿಯುತ್ತದೆ. ಜನವರಿಯಲ್ಲಿ ಜೋಳದ ಹಾಲುಗಾಳಿಗೆ ಬಾಯಿ ಹಾಕುತ್ತದೆ. ಆದ್ದರಿಂದ ಯಾವ ಹಕ್ಕಿ ಯಾವ ತಿಂಗಳಲ್ಲಿ ಏನು ತಿನ್ನುತ್ತದೆ ಎಂಬ ಲೆಕ್ಕ ತಿಳಿದವನಿಗೆ ಲಾಭ ಹೆಚ್ಚು, ಲುಕ್ಸಾನು ಕಡಿಮೆ. ಆ ಲೆಕ್ಕವನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಮಟ್ಟಿಗೆ ಇಲ್ಲಿ ವಿವರಿಸಲಾಗಿದೆ.

ಸಮುದ್ರವಿಲ್ಲದ ಸೀಮೆಗೆ ಒಂದು ದಂಡೆ

ವಲಸೆ ಹಕ್ಕಿಗಳೆಂದರೆ ಸಾಮಾನ್ಯವಾಗಿ ಕರಾವಳಿಯ ಮಾತು. ಉತ್ತರ ಕನ್ನಡದ ಕುಮಟಾ ಬಳಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಶ್ರಾವಣ ಕಳೆಯುತ್ತಲೇ ಕೆಸರು ಕೆದಕುವ ಗೊರವಗಳು ಇಳಿಯುತ್ತವೆ. 2024ರಲ್ಲಿ ಆ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆ ದೊರೆಯಿತು. ಅದೇ ದಿನ ಅದೇ ಮನ್ನಣೆ ಪಡೆದ ಇನ್ನೆರಡು ತಾಣಗಳು ನಮ್ಮ ಬಯಲುಸೀಮೆಯವೆಂಬುದು ಗಮನಾರ್ಹ: ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಹಕ್ಕಿಗೆ ಬೇಕಾದುದು ಉಪ್ಪು ನೀರಲ್ಲ. ತೆಳುವಾದ ನೀರು, ಮೆದು ಕೆಸರು, ಸನಿಹದಲ್ಲಿ ಬಯಲು. ಇವು ಇದ್ದಲ್ಲಿ ಕರಾವಳಿಯ ಹಕ್ಕಿ ಒಳನಾಡಿಗೂ ಬರುತ್ತದೆ.

ಕೃಷ್ಣೆ, ಘಟಪ್ರಭೆ, ಮಲಪ್ರಭೆ ಈ ಮೂರೂ ನದಿಗಳು ನಮ್ಮ ಜಿಲ್ಲೆಯಲ್ಲಿ ಹರಿಯುತ್ತವೆ. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆಯೂ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆಯೂ ಕೃಷ್ಣೆಯನ್ನು ಕೂಡುತ್ತವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡು 519.6 ಮೀಟರ್ ಮಟ್ಟಕ್ಕೆ ನೀರು ನಿಲ್ಲತೊಡಗಿದ ಮೇಲೆ ನಮ್ಮ ಸೀಮೆಗೆ ಹೊಸದೊಂದು ದಂಡೆ ಒದಗಿತು. ಸುಮಾರು 123 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರು ಬಾಗಲಕೋಟೆ, ಬೀಳಗಿ ಕಡೆಗೆ ಚಾಚಿ ನಿಂತಿದೆ. ಇದರಲ್ಲಿ ಹಳೆಯ ಬಾಗಲಕೋಟೆಯ ಬೀದಿಗಳು ಮುಳುಗಿದವು, ನದಿದಂಡೆಯ ಚಿನ್ನದಂಥ ಎರಿ ಭೂಮಿ ಮುಳುಗಿತು, ಸಾವಿರಾರು ಕುಟುಂಬಗಳು ಪುನರ್ವಸತಿ ಊರುಗಳಿಗೆ ಹೋದವು. ಆ ಹಾನಿಯನ್ನು ಹಕ್ಕಿಗಳ ಚೆಲುವು ತುಂಬಿಕೊಡಲಾರದು. ಆದರೆ ನೀರು ಬಂದ ಮೇಲೆ ಹಕ್ಕಿಯೂ ಬಂತು. ನೀರಿನಂಚಿನಲ್ಲಿ ಬೇಸಾಯ ಉಳಿಸಿಕೊಂಡವರು ಅದರೊಂದಿಗೆ ಬಾಳಬೇಕಾಗಿದೆ. ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಕೈಗೂಡಿದರೆ ದಂಡೆ ಇನ್ನಷ್ಟು ಹೊಲಗಳತ್ತ ಸರಿಯುತ್ತದೆ. ಹಕ್ಕಿಗಳೂ ಅದರ ಬೆನ್ನಿಗೇ ಸರಿಯುತ್ತವೆ.

ಇಲ್ಲಿ ಒಂದು ವಿಷಯ ನೆನಪಿಡತಕ್ಕದ್ದು. ಸಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಆಲಮಟ್ಟಿ ಹಿನ್ನೀರು ತುಂಬಿ ನಿಂತಿರುತ್ತದೆ; ಕೆಸರಿನ ದಂಡೆ ಕಡಿಮೆ. ಆದಕಾರಣ ಈ ವೇಳೆಗೆ ಬರುವ ಸಣ್ಣ ಹಕ್ಕಿಗಳನ್ನು ಕೆರೆಯಂಗಳ, ಕೃಷಿಹೊಂಡ, ಒಡ್ಡಿನ ಹಿಂದೆ ನಿಂತ ನೀರು, ಹಳ್ಳದ ದಂಡೆಗಳಲ್ಲಿ ಹುಡುಕಬೇಕು. ಚಳಿಗಾಲ ಬಲಿತು ಹಿನ್ನೀರು ಇಳಿದಂತೆಲ್ಲ ಬಯಲಾಗುವ ನೆಲಕ್ಕೆ ಹೆಬ್ಬಾತು, ಕ್ರೌಂಚದಂಥ ದೊಡ್ಡ ಹಕ್ಕಿಗಳು ಇಳಿಯುತ್ತವೆ.

ಎಲ್ಲಿಂದ, ಏಕೆ ಬರುತ್ತವೆ?

ಸೈಬೀರಿಯಾ, ಮಂಗೋಲಿಯಾ, ಕಜಾಕಿಸ್ತಾನ, ಟಿಬೆಟ್ ಮುಂತಾದ ಕಡೆ ಬೇಸಿಗೆ ಚಿಕ್ಕದು. ಅಲ್ಲಿ ಹಗಲು ದೀರ್ಘವಾಗಿದ್ದಾಗ ಹುಳುಹುಪ್ಪಟೆ ಹೇರಳವಾಗಿ ಸಿಗುವುದರಿಂದ ಹಕ್ಕಿಗಳು ಮರಿ ಮಾಡುತ್ತವೆ. ಹಗಲು ಕಿರಿದಾಗಿ ಹುಳುಗಳು ಮಾಯವಾಗಿ ನೀರು ಹೆಪ್ಪುಗಟ್ಟುವ ಮೊದಲೇ ಮೈಯಲ್ಲಿ ಕೊಬ್ಬು ತುಂಬಿಕೊಂಡು ದಕ್ಷಿಣಕ್ಕೆ ಹೊರಡುತ್ತವೆ. ಸೂರ್ಯ, ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿ ಇವುಗಳಿಗೆ ದಾರಿ ತೋರಿಸುತ್ತವೆ. ಸಣ್ಣ ಹಕ್ಕಿಗಳಲ್ಲಿ ಬಹುಪಾಲು ರಾತ್ರಿ ಹಾರಿ ಹಗಲು ಮೇಯುತ್ತವೆ. ಆದ್ದರಿಂದಲೇ ನಿನ್ನೆ ಖಾಲಿಯಿದ್ದ ಹೊಲದಲ್ಲಿ ಇಂದು ಬೆಳಗಾಗುವಷ್ಟರಲ್ಲಿ ಹತ್ತಾರು ಹಕ್ಕಿ ಕಾಣುತ್ತವೆ.

ಉತ್ತರದ ಹಿಮದ ನಾಡಿನಿಂದ ಹಿಂದೂ ಮಹಾಸಾಗರದವರೆಗೆ ಮೂವತ್ತು ದೇಶಗಳ ಮೇಲೆ ಹಾಯುವ ಈ ದಾರಿಗೆ ಮಧ್ಯ ಏಷ್ಯಾ ಹಾರುಪಥವೆಂದು ಹೆಸರು. ತಲೆಯ ಹಿಂದೆ ಎರಡು ಕರಿ ಗೆರೆಯಿರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟುವಾಗ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹ ಸಾಧನಗಳಿಂದ ಅಳೆಯಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಮಂಗೋಲಿಯಾದ ಕುರಿಗಾಹಿ ನೋಡಿದ ಹಕ್ಕಿಯನ್ನೇ ನಮ್ಮ ಕುರಿಗಾಹಿಯೂ ನೋಡುತ್ತಾನೆಂದಾಯಿತು.

ಮಳೆ ನಕ್ಷತ್ರದ ಪ್ರಕಾರ ಬರುವ ಕ್ರಮ

ತಾರೀಖಿಗಿಂತ ಮಳೆಯ ಹೆಸರು ನಮ್ಮವರ ನೆನಪಿನಲ್ಲಿ ನಿಲ್ಲುವುದರಿಂದ ಆ ಕ್ರಮದಲ್ಲಿಯೇ ಹೇಳುವುದು ಸೂಕ್ತ. ಮಳೆಗಾಳಿಗೆ ತಕ್ಕಂತೆ ಒಂದೆರಡು ವಾರ ಹಿಂದುಮುಂದಾಗುವುದುಂಟು.

*ಮಘಿ ಮತ್ತು ಹುಬ್ಬಿ (ಆಗಸ್ಟ್ ನಡುವಿನಿಂದ ಸಪ್ಟೆಂಬರ್ ನಡುವಿನವರೆಗೆ):* ಮೊದಲು ಬರುವುದು ಗೊರವಗಳು. ಉದ್ದ ಕಾಲು, ನೀಳ ಕೊಕ್ಕು, ಕಂದು ಬೆನ್ನು, ಬಿಳಿ ಹೊಟ್ಟೆ. ನೀರಿನಂಚಿನಲ್ಲಿ ಹಿಂಬದಿ ಕುಲುಕಿಸುತ್ತ ಓಡಾಡುತ್ತವೆ. ಇದೇ ಅವಧಿಯಲ್ಲಿ ಗುಲಾಬಿ ಕಬ್ಬಕ್ಕಿಯ ಮೊದಲ ಹಿಂಡುಗಳೂ ಇಳಿಯುತ್ತವೆ. ಗೊರವಂಕದಷ್ಟೇ ಗಾತ್ರ, ತಲೆ, ರೆಕ್ಕೆ, ಬಾಲ ಕಪ್ಪು, ಬೆನ್ನು ಮತ್ತು ಹೊಟ್ಟೆ ಗುಲಾಬಿ. ಮರಿಗಳು ಮಾತ್ರ ಮಣ್ಣಿನ ಬಣ್ಣ. ಆಗಸ್ಟ್ ಕೊನೆಯಿಂದ ಬಾದಾಮಿ, ಮಹಾಕೂಟದ ಕಲ್ಲುಬೆಟ್ಟಗಳ ಕೆಳಗೆ ನೀರು ಹರಿಯುವಲ್ಲಿ ನೀಳ ಬಾಲದ ಬೂದು ಸಿಪಿಲೆಗಾಗಿ ಕಣ್ಣಿಡಬೇಕು.

*ಉತ್ತರಿ (ಸಪ್ಟೆಂಬರ್ ಉತ್ತರಾರ್ಧ):* ಹಳದಿ ಸಿಪಿಲೆ ಹೊಲಕ್ಕೆ ಬರುತ್ತದೆ. ಎತ್ತಿನ ಕಾಲಬುಡದಲ್ಲಿ, ಟ್ರ್ಯಾಕ್ಟರ್ ಹಿಂದೆ, ಮೇಯುವ ಎಮ್ಮೆಯ ಮೂತಿಯ ಬಳಿ ಬಾಲ ಬಡಿಯುತ್ತ ನಡೆಯುವುದೇ ಇದರ ಗುರುತು. ಕವಲು ಬಾಲದ ಅಂಬರಗುಬ್ಬಿಗಳು ತಂತಿಯ ಮೇಲೆ ಸಾಲಾಗಿ ಕೂರುತ್ತವೆ. ಹಸಿರು ಮೈಯ ಕಳ್ಳಿಪೀರಗಳ ಪೈಕಿ ಕೆನ್ನೆ ನೀಲಿಯಿರುವ ದೊಡ್ಡ ಜಾತಿ ಇದೇ ವೇಳೆಗೆ ಹಾದುಹೋಗುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ವಿದೇಶಿ ದಾಯಾದಿಯೊಂದು ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ನಮ್ಮ ದೇಶದಲ್ಲಿ ಕೆಲವು ದಿನ ತಂಗುತ್ತದೆ. ಅದರ ತಲೆ, ಎದೆ ಪೂರ್ತಿ ತಿಳಿನೀಲಿ.

*ಹಸ್ತ ಮತ್ತು ಚಿತ್ತಿ (ಸಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 23ರ ಸುಮಾರಿಗೆ):* ಸೆಳೆವಗಳು ಬರುತ್ತವೆ. ಇವು ಹದ್ದಿನ ಬಳಗದ ಹಕ್ಕಿ. ಮುಗಿಲಲ್ಲಿ ಸುತ್ತುವುದರ ಬದಲು ನೆಲದಿಂದ ಒಂದೆರಡು ಆಳೆತ್ತರದಲ್ಲಿ ರೆಕ್ಕೆಯನ್ನು ಮೇಲಕ್ಕೆ ಚಾಚಿ ಹೊಲದ ಮೇಲೆ ತೇಲುತ್ತ ಹೋಗುತ್ತವೆ. ಗಂಡು ಬೂದುಬಿಳುಪು, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಜಾಲಿಯ ತುದಿಯಲ್ಲಿ, ಬೇಲಿಗೂಟದ ಮೇಲೆ ಒಂಟಿಯಾಗಿ ಕಾಯುವ ಕಂದು ಕಳಿಂಗ, ಬರಿ ನೆಲದಲ್ಲಿ ಹಿಂಡುಹಿಂಡಾಗಿ ಕಾಳು ಹೆಕ್ಕುವ ಸಣ್ಣ ನೆಲಗುಬ್ಬಿಗಳು ಇದೇ ಕಾಲದವು. ಕೆರೆಗಳಿಗೆ ಬರುವ ಬಾತುಗಳಲ್ಲಿ ಮೊದಲಿನದು ಬಿಳಿ ಹುಬ್ಬಿನ ಬಾತು.

*ಸ್ವಾತಿ ಮತ್ತು ಆ ಮುಂದೆ:* ಸೂಜಿ ಬಾಲದ ಬಾತು, ಚಮಚದಂಥ ಕೊಕ್ಕಿನ ಬಾತು, ಪಟ್ಟೆತಲೆ ಹೆಬ್ಬಾತು ಮತ್ತು ಡೆಮೊಸೆಲ್ ಕ್ರೌಂಚ. ಕ್ರೌಂಚದ ಮೈ ಬೂದು, ಕೊರಳು ಕಪ್ಪು, ಕಣ್ಣಿನ ಹಿಂದೆ ಬಿಳಿ ಗರಿಯ ಎಳೆ. ಹಾರುವಾಗ ಕೂಗುತ್ತ ಬಾಣದ ಆಕಾರದಲ್ಲಿ ಸಾಗುತ್ತವೆ. ನೀರು ಇನ್ನೂ ಇಳಿದು ತೆಳುವಾದ ಮೇಲೆ ಹಿನ್ನೀರಿಗೆ ರಾಜಹಂಸಗಳೂ ಬರುವುದುಂಟು.

ಹೊಲದಲ್ಲಿ ಇವು ಮಾಡುವ ಕೆಲಸ

ಈ ಪಟ್ಟಿಯನ್ನು ಬೇಸಾಯದ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉತ್ತರಿಯಿಂದ ಚಿತ್ತಿಯವರೆಗೆ ಬರುವ ಹಕ್ಕಿಗಳಲ್ಲಿ ಬಹುಪಾಲು ಹುಳು ತಿನ್ನುವಂಥವು. ಆ ಐದಾರು ವಾರಗಳೇ ನಮ್ಮ ಹಿಂಗಾರಿ ಬೆಳೆಯ ಎಳೆ ಸಸಿಗೆ ಮಿಡತೆ, ಎಲೆ ತಿನ್ನುವ ಕೀಡಿಗಳ ಬಾಧೆ ಕಾಡುವ ಕಾಲ.

ಹಳದಿ ಸಿಪಿಲೆ ಹರಗಿದ ಮಣ್ಣಿನಿಂದ ಮೇಲೆದ್ದ ಹುಳು, ನೊಣ, ಜೇಡ ಹೆಕ್ಕುತ್ತದೆ. ಅಂಬರಗುಬ್ಬಿ ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಕಳಿಂಗ ಹಕ್ಕಿ ಮಿಡತೆ, ಜೀರುಂಡೆ ಹಿಡಿದು ಜಾಲಿಮುಳ್ಳಿಗೆ ಚುಚ್ಚಿಟ್ಟು ತಿನ್ನುವುದನ್ನು ಹೊಲದ ಬದುವಿನಲ್ಲಿ ನೋಡಬಹುದು. ಸೆಳೆವಗಳಿಗೆ ಮಿಡತೆಯೇ ದೊಡ್ಡ ಆಹಾರ. ಜೊತೆಗೆ ಇಲಿ, ಓತಿ, ಸಣ್ಣ ಹಕ್ಕಿ. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ರಾತ್ರಿ ನೂರಾರು ಸೆಳೆವಗಳು ನೆಲದ ಮೇಲೆಯೇ ಒಟ್ಟಾಗಿ ಮಲಗುತ್ತವೆ. ಅಲ್ಲಿ ಅವು ಕಕ್ಕಿದ ಉಂಡೆಗಳನ್ನು ಬಿಡಿಸಿ ನೋಡಿದ ಶಾಸ್ತ್ರಜ್ಞರಿಗೆ ಮಿಡತೆಯ ಕಾಲು, ತಲೆಗಳು ಹೇರಳವಾಗಿ ಸಿಕ್ಕಿವೆ. ಗೋಮಾಳ, ಹುಲ್ಲುಬಯಲು ಉಳಿದರೆ ಮಾತ್ರ ಈ ಹಕ್ಕಿಗೆ ಮಲಗಲು ಜಾಗ. ಅದಿಲ್ಲವಾದರೆ ಸುತ್ತಲ ಹೊಲಕ್ಕೂ ಅದರ ಸೇವೆ ಇಲ್ಲ.

ಗುಲಾಬಿ ಕಬ್ಬಕ್ಕಿ ತನ್ನ ತವರಿನಲ್ಲಿ ಮಿಡತೆಗಳ ವೈರಿ. ಚೀನದ ಸಿಂಜಿಯಾಂಗ್ ಪ್ರಾಂತದಲ್ಲಿ ಹುಲ್ಲುಗಾವಲಿನ ಮಿಡತೆ ಹತೋಟಿಗೆಂದು 1980ರ ದಶಕದಿಂದ ಈ ಹಕ್ಕಿ ಗೂಡು ಕಟ್ಟಲು ಕಲ್ಲುಗುಪ್ಪೆ ಒಟ್ಟಿ, ಗೂಡುಮನೆ ಕಟ್ಟಿಕೊಟ್ಟಿದ್ದಾರೆ. ಅದೇ ಚೀನದಲ್ಲಿ 1958ರಲ್ಲಿ ಕಾಳು ತಿನ್ನುತ್ತವೆಂದು ಗುಬ್ಬಚ್ಚಿಗಳನ್ನು ದೇಶದುದ್ದಕ್ಕೂ ಕೊಲ್ಲಿಸಿದ್ದರು. ಮುಂದೆ ಹುಳುಗಳ ಹಾವಳಿ ಹೆಚ್ಚಿದ್ದರಿಂದ ಎರಡು ವರ್ಷದಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಗುಬ್ಬಿ ತಿಂದ ಕಾಳು ಕಣ್ಣಿಗೆ ಕಂಡಿತ್ತು. ಅದು ತಿಂದ ಹುಳು ಲೆಕ್ಕಕ್ಕೆ ಬಂದಿರಲಿಲ್ಲ.

ಮುಂದೆ ಕಡಲೆ, ತೊಗರಿಗೆ ಹಸಿರು ಕಾಯಿಕೊರಕ ಬಿದ್ದಾಗ ಕಾಜಾಣ, ಗೊರವಂಕ, ನೀಲಕಂಠ ಮುಂತಾದ ಊರಹಕ್ಕಿಗಳ ಜೊತೆ ಈ ಅತಿಥಿಗಳೂ ಕೈಜೋಡಿಸುತ್ತವೆ. ಇನ್ನೊಂದು ಉಪಕಾರವೂ ಉಂಟು. ಕಾಯಿಕೊರಕಕ್ಕೆ ಎನ್.ಪಿ.ವಿ. ನಂಜಾಣು ಸಿಂಪಡಿಸಿದ ಹೊಲದಲ್ಲಿ ರೋಗ ತಗುಲಿದ ಕೀಡಿಯನ್ನು ಹಕ್ಕಿ ತಿಂದರೆ ಹಕ್ಕಿಗೆ ಏನೂ ಆಗುವುದಿಲ್ಲ. ಅದರ ಹಿಕ್ಕೆಯ ಮೂಲಕ ನಂಜಾಣು ಬೇರೆ ಗಿಡಗಳಿಗೂ ಹರಡಿ ಇನ್ನಷ್ಟು ಕೀಡಿ ಸಾಯುತ್ತವೆ.

ಲುಕ್ಸಾನಿನ ವಾರಗಳು

ಉಪಕಾರವನ್ನು ಹೇಳಿ ಅಪಕಾರವನ್ನು ಮುಚ್ಚಿಡುವುದು ಸರಿಯಲ್ಲ. ಹಕ್ಕಿಯಿಂದ ನಷ್ಟವುಂಟು, ಆದರೆ ಅದಕ್ಕೆ ಗೊತ್ತಾದ ಅವಧಿಯಿದೆ.

ಮೊದಲನೆಯದು, ಸಪ್ಟೆಂಬರಿನಲ್ಲಿ ಸಜ್ಜೆ ಮತ್ತು ಮುಂಗಾರಿ ಜೋಳದ ಕಾಳು ತುಂಬುವ ವೇಳೆ. ಗಿಳಿ, ಗುಬ್ಬಿಗಳ ಜೊತೆ ಕಬ್ಬಕ್ಕಿ ಹಿಂಡೂ ತೆನೆಗೆ ಬೀಳುತ್ತದೆ. ಎರಡನೆಯದು, ಬಿತ್ತನೆಯಾಗಿ ಮೊಳಕೆ ಬರುವವರೆಗಿನ ಏಳೆಂಟು ದಿನ. ಮೇಲೆ ಉಳಿದ ಬೀಜವನ್ನು ನೆಲಗುಬ್ಬಿ, ಪಾರಿವಾಳ ಹೆಕ್ಕುತ್ತವೆ. ಮೂರನೆಯದು, ಹಿಂಗಾರಿ ಜೋಳ ಹಾಲುಗಾಳಾಗಿ ಸೀತನಿಯ ಹದಕ್ಕೆ ಬರುವ ಎರಡು ಮೂರು ವಾರ. ಗುಲಾಬಿ ಕಬ್ಬಕ್ಕಿಯ ಹಿಂಡಿನಿಂದ ಹೆಚ್ಚು ಪೆಟ್ಟು ಬೀಳುವುದು ಆಗಲೇ. ಸುತ್ತಲಿನವರಿಗಿಂತ ಬಹಳ ಮುಂಚೆ ಅಥವಾ ಬಹಳ ತಡವಾಗಿ ಬಿತ್ತಿದ ಒಂಟಿ ಹೊಲಕ್ಕೆ ಈ ಪೆಟ್ಟು ಇನ್ನೂ ಜೋರು. ಊರೆಲ್ಲ ಒಂದೇ ಹದದಲ್ಲಿ ಬಿತ್ತಿದರೆ ಹಕ್ಕಿಯ ಪಾಲು ಹಂಚಿಹೋಗುತ್ತದೆ.

ನಾಲ್ಕನೆಯದು ಹಿನ್ನೀರಿನ ಅಂಚಿನವರ ಕಷ್ಟ. ಹೆಬ್ಬಾತುಗಳು ಹಗಲು ನೀರಿನಲ್ಲಿ ತಂಗಿ, ಸಂಜೆ ಕಳೆದ ಮೇಲೆ ಮತ್ತು ನಸುಕಿನಲ್ಲಿ ಹೊಲಕ್ಕೆ ಬಂದು ಕಡಲೆ, ಗೋದಿಯ ಎಳೆ ಕುಡಿ ಮೇಯುತ್ತವೆ. ಕ್ರೌಂಚಗಳಿಗೆ ಶೇಂಗಾ, ಕಡಲೆ ಪ್ರಿಯ. ಎರಡೆಕರೆ ಕಡಲೆಯನ್ನೇ ನೆಚ್ಚಿದವನಿಗೆ ಒಂದೆರಡು ರಾತ್ರಿಯ ಮೇವು ಕೂಡ ದೊಡ್ಡ ನಷ್ಟ. ಅಂಥವನ ಮುಂದೆ ಹಕ್ಕಿಯ ಸೊಗಸನ್ನು ಹೊಗಳಿ ಪ್ರಯೋಜನವಿಲ್ಲ. ಬೆಳೆ ಕಾಯುವ ದಾರಿ ಹೇಳಬೇಕು.

ವಿಷದ ಮಾತು

ಸಿಟ್ಟಿನಲ್ಲಿ ಕಾಳಿಗೆ ವಿಷ ಬೆರೆಸಿ ಹೊಲದಂಚಿನಲ್ಲಿ ಎರಚುವವರು ಅಲ್ಲಲ್ಲಿ ಇದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ವಿಷದ ಕಾಳು ಹೆಬ್ಬಾತನ್ನು ಮಾತ್ರ ಆರಿಸುವುದಿಲ್ಲ. ನವಿಲು, ಪಾರಿವಾಳ, ಮನೆಯ ಕೋಳಿ, ಮೇಯಲು ಬಂದ ಕುರಿ ಎಲ್ಲವನ್ನೂ ಕೊಲ್ಲುತ್ತದೆ. ಸತ್ತ ಹಕ್ಕಿಯನ್ನು ತಿಂದ ನಾಯಿಯೂ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಲಸೆ ಹಕ್ಕಿಗಳನ್ನು ಕೊಲ್ಲುವುದು, ಬಲೆ ಹಾಕಿ ಹಿಡಿಯುವುದು, ಮಾರುವುದು ಶಿಕ್ಷೆಗೆ ಗುರಿಯಾಗುವ ಅಪರಾಧ.

ಕೊಲ್ಲುವ ಉದ್ದೇಶವಿಲ್ಲದಿದ್ದರೂ ಕೊಲ್ಲುವ ಇನ್ನೊಂದು ದಾರಿಯಿದೆ. 1995–96ರಲ್ಲಿ ಅರ್ಜೆಂಟೀನಾ ದೇಶದ ರೈತರು ಕುದುರೆಮೆಂತೆ, ಸೂರ್ಯಕಾಂತಿ ಹೊಲಗಳಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಸಿಂಪಡಿಸಿದರು. ಅದೇ ಮಿಡತೆ ತಿನ್ನಲು ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಗಿಡುಗಗಳು ಹೊಲಗಳಲ್ಲಿಯೇ ಸಾವಿರಾರು ಸಂಖ್ಯೆಯಲ್ಲಿ ಸತ್ತುಬಿದ್ದವು. ಮಿಡತೆಯನ್ನು ಪುಕ್ಕಟೆ ತಿನ್ನುತ್ತಿದ್ದ ಹಕ್ಕಿಯನ್ನು ದುಡ್ಡು ಕೊಟ್ಟು ಕೊಂದಂತಾಯಿತು. ನಮ್ಮ ದೇಶದಲ್ಲಿ 2020ರ ಕೊನೆಗೆ ಫೋರೇಟ್ ಸೇರಿದಂತೆ ಹಲವು ಕೀಟನಾಶಕಗಳನ್ನು ನಿಷೇಧಿಸಲಾಗಿದೆ. ಮೊನೊಕ್ರೊಟೊಫಾಸ್ 36 ಎಸ್.ಎಲ್. ನಿಲ್ಲಿಸಲು 2023ರಲ್ಲಿ ಕೇಂದ್ರ ಸರಕಾರ ಆದೇಶ ಹೊರಡಿಸಿತು. ಹಳೆಯ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಬಳಸಬೇಡಿ. ಕೆರೆಗೆ, ಹಳ್ಳಕ್ಕೆ ಸುರಿಯಲೂಬೇಡಿ. ಅದನ್ನು ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಈ ಹಿಂಗಾರಿಗೆ ಮಾಡಬೇಕಾದದ್ದು

1. ಬಿತ್ತಿದ ಮೇಲೆ ಬೀಜ ಕಾಣದಂತೆ ಮಣ್ಣು ಮುಚ್ಚಿರಿ. ಕೂರಿಗೆ ತಿರುಗಿಸುವ ಹೊಲದ ತುದಿಯಲ್ಲಿಯೇ ಹೆಚ್ಚು ಬೀಜ ಚೆಲ್ಲುತ್ತದೆ. ಅಲ್ಲಿ ವಿಶೇಷ ಗಮನವಿರಲಿ. ಔಷಧಿ ಲೇಪಿಸಿದ ಬೀಜ ಉಳಿದರೆ ಬಯಲಲ್ಲಿ ಬಿಡದೆ ಆಳವಾಗಿ ಹೂಳಿರಿ.

2. ಕಡಲೆ, ತೊಗರಿ ಹೊಲದಲ್ಲಿ ಹಕ್ಕಿ ಕೂರಲು ಎಕರೆಗೆ ಸುಮಾರು 20 ಕವಲುಗೋಲು ನೆಡಿರಿ. ಜಾಲಿ, ಬೇವಿನ ಟೊಂಗೆ ಸಾಕು. ಬೆಳೆಗಿಂತ ಒಂದೆರಡು ಅಡಿ ಎತ್ತರವಿರಲಿ. ಗೋವಿನಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲಿಯೇ. ಅದರ ಹತೋಟಿಗೂ ಬೆಳೆಯ ಮೊದಲ 30 ದಿನ ಎಕರೆಗೆ 10 ಕವಲುಗೋಲು ಶಿಫಾರಸಿನಲ್ಲಿದೆ. ಜೋಳ, ಸಜ್ಜೆ ತೆನೆ ಕಾಳುಗಟ್ಟುವಾಗ ಮಾತ್ರ ಅವುಗಳನ್ನು ಕಿತ್ತುಬಿಡಿರಿ.

3. ಕಡಲೆ ಹೊಲದಲ್ಲಿ ಬೆಳಗಿನ ಹೊತ್ತು ಚುರಮರಿ ಎರಚಿ ಹಕ್ಕಿಗಳನ್ನು ಕರೆಯುವ ರೂಢಿ ನಮ್ಮ ಕಡೆ ಇದೆ. ಖರ್ಚು ಅಲ್ಪ, ಫಲ ಒಳ್ಳೆಯದು. ಒಂದು ಮೀಟರ್ ಸಾಲಿಗೆ ಒಂದು ಕೀಡಿ ಕಾಣುವವರೆಗೆ ಔಷಧಿಗೆ ಆತುರ ಬೇಡ. ಕಂಡರೆ ಮೊದಲು ಬೇವಿನ ಬೀಜದ ಕಷಾಯ ಅಥವಾ ಎನ್.ಪಿ.ವಿ. ಬಳಸಿರಿ.

4. ಇಲಿಗೆ ವಿಷ ಇಡುವುದಾದರೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಿರಿ. ಬದುವಿನ ಮೇಲೆ ಚೆಲ್ಲಬೇಡಿ. ಸತ್ತ ಇಲಿಗಳನ್ನು ಆರಿಸಿ ಹೂಳಿರಿ. ವಿಷ ತಿಂದ ಇಲಿಯನ್ನು ತಿಂದರೆ ಗೂಬೆ, ಸೆಳೆವಗಳಿಗೂ ಅಪಾಯವುಂಟು.

5. ಹಾಲುಗಾಳಿನ ವಾರಗಳಲ್ಲಿ ನಮ್ಮ ಹಿರಿಯರ ಅಟ್ಟ, ಕವಣಿ, ಡಬ್ಬಿಯ ಸಪ್ಪಳಕ್ಕೆ ಇಂದಿಗೂ ಬೆಲೆಯಿದೆ. ಅಕ್ಕಪಕ್ಕದ ನಾಲ್ಕಾರು ಹೊಲದವರು ಸರದಿ ಕಾವಲು ಮಾಡಿದರೆ ಕೂಲಿ ಉಳಿಯುತ್ತದೆ. ಕೆಂಪು–ಬೆಳ್ಳಿ ಬಣ್ಣದ ಮಿರುಗುವ ಪಟ್ಟಿಯನ್ನು ಹುರಿ ಹಾಕಿ ಗೂಟದಿಂದ ಗೂಟಕ್ಕೆ ಕಟ್ಟಿದರೆ ಗಾಳಿಗೆ ಸದ್ದು ಮಾಡಿ, ಬಿಸಿಲಿಗೆ ಮಿನುಗಿ ಹಕ್ಕಿಯನ್ನು ಬೆದರಿಸುತ್ತದೆ. ಹಕ್ಕಿಗೆ ರೂಢಿಯಾಗದಂತೆ ಮೂರ್ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿರಿ.

6. ಹಿನ್ನೀರಿನ ಅಂಚಿನವರು ಕಡಲೆ ಮೊಳೆತ ಮೊದಲ ವಾರಗಳಲ್ಲಿ ಸಂಜೆ ಮತ್ತು ನಸುಕಿನ ಕಾವಲನ್ನು ತಪ್ಪಿಸಬಾರದು. ಹೆಬ್ಬಾತು ಇಳಿದು ಮೇಯಲು ಶುರುಮಾಡಿದ ಮೇಲೆ ಓಡಿಸುವುದಕ್ಕಿಂತ ಇಳಿಯುವ ಮೊದಲೇ ದೀಪ, ಸಪ್ಪಳದಿಂದ ತಿರುಗಿಸುವುದು ಸುಲಭ. ಹೊಲದಲ್ಲಿ ನೆಲೆ ಸಿಗದಿದ್ದರೆ ಅವು ದಂಡೆಯ ಹುಲ್ಲಿಗೆ ಹೋಗುತ್ತವೆ.

7. ಸತ್ತುಬಿದ್ದ ನೀರುಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿ. ಹಕ್ಕಿಜ್ವರ ನಮ್ಮ ದೇಶದ ಕೋಳಿಗಳಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಪಶು ಆಸ್ಪತ್ರೆಗೆ ತಿಳಿಸಿರಿ. ಹಕ್ಕಿ ಹಿಂಡು ತಂಗುವ ನೀರಿಗೆ ಮನೆಯ ಕೋಳಿಗಳನ್ನು ಬಿಡಬೇಡಿ.

ಬೇರೆ ಊರಿನವರು ಮಾಡಿದ್ದು

ಹಕ್ಕಿಯೊಂದಿಗೆ ಬಾಳಿದ ಊರುಗಳಿಗೇನೂ ಕೊರತೆಯಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರಗಳಲ್ಲಿಯೇ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಕೂಡಿಸಿ ಹೊಲಕ್ಕೆ ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ರಾಜಸ್ಥಾನದ ಖೀಚನ್ ಗ್ರಾಮಸ್ಥರು ನಮ್ಮ ಸೀಮೆಗೂ ಬರುವ ಅದೇ ಕ್ರೌಂಚಗಳಿಗೆ ಚಳಿಗಾಲವಿಡೀ ಬೇಲಿ ಹಾಕಿದ ಅಂಗಳದಲ್ಲಿ ಕಾಳು ಹಾಕುತ್ತಾರೆ. 2025ರಲ್ಲಿ ಆ ಊರಿಗೂ ರಾಮ್ಸಾರ್ ಮನ್ನಣೆ ಬಂತು. ನಾಗಾಲ್ಯಾಂಡಿನ ಪಾಂಗ್ಟಿ ಊರವರು 2012ರವರೆಗೆ ಅಮೂರ್ ಚಾಣಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದರು. 2013ರಲ್ಲಿ ಊರಿಗೆ ಊರೇ ತೀರ್ಮಾನಿಸಿ ಅದನ್ನು ಕೈಬಿಟ್ಟಿತು. ಆ ಚಾಣಗಳು ನಮ್ಮ ಪರ್ಯಾಯ ದ್ವೀಪದ ಮೇಲೆಯೇ ಹಾದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ.

ನಮ್ಮಲ್ಲಿಯೂ ಈ ಭಾವನೆ ಹೊಸದಲ್ಲ. ಶೀಗಿ ಹುಣ್ಣಿಮೆಗೂ ಎಳ್ಳಮಾಸಿಗೂ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುವ ಪದ್ಧತಿಯಲ್ಲಿ ಭೂಮಿತಾಯಿಯ ಜೊತೆ ಹಕ್ಕಿಪಕ್ಕಿಗೂ ಪಾಲಿದೆ. ಶೀಗಿ ಹುಣ್ಣಿಮೆ ಬರುವುದು ಈ ಅತಿಥಿಗಳು ಬಂದಿಳಿಯುವ ದಿನಗಳಲ್ಲಿಯೇ.

ವಾಚನಾಲಯದ ಗೋಡೆಗೊಂದು ಹಾಳೆ

ಕೊನೆಯದಾಗಿ ಒಂದು ಸೂಚನೆ. ಊರಿನ ವಾಚನಾಲಯದ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಐದು ಅಂಕಣ ಎಳೆಯಿರಿ: ತಾರೀಖು ಮತ್ತು ಮಳೆ, ಹಕ್ಕಿಯ ಗುರುತು, ಅಂದಾಜು ಎಣಿಕೆ, ಯಾವ ಹೊಲ ಅಥವಾ ಕೆರೆ, ಏನು ಮಾಡುತ್ತಿತ್ತು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ ಬರೆದರೆ ಸಾಕು. ಬರೆಯುವ ಕೆಲಸವನ್ನು ಶಾಲೆಯ ಮಕ್ಕಳಿಗೆ, ನೋಡುವ ಕೆಲಸವನ್ನು ಕುರಿ ಕಾಯುವವರಿಗೆ ಮತ್ತು ನೀರು ಹಾಯಿಸುವವರಿಗೆ ವಹಿಸಿರಿ. ಬೆಳಗಿನ ಹೊತ್ತು ಹೊಲದಲ್ಲಿರುವವರು ಅವರೇ. ಕಾಲಿಗೆ ಅಲ್ಯುಮಿನಿಯಂ ಉಂಗುರವಿರುವ ಹಕ್ಕಿ ಸತ್ತು ಸಿಕ್ಕಿದ್ದು ಕಂಡರೆ ಉಂಗುರದ ಮೇಲಿನ ಅಂಕಿಯನ್ನು ಓದಿ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿರಿ. ಭಾರತದಲ್ಲಿ ಇಂಥ ಉಂಗುರ ಹಾಕುವ ಕೆಲಸವನ್ನು ಮುಖ್ಯವಾಗಿ ನಡೆಸಿಕೊಂಡು ಬಂದಿರುವುದು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ.

ಮೂರ್ನಾಲ್ಕು ವರ್ಷ ಹೀಗೆ ಬರೆದಿಟ್ಟರೆ ನಮ್ಮ ಊರಿಗೆ ಕಬ್ಬಕ್ಕಿ ಯಾವ ಮಳೆಗೆ ಬರುತ್ತದೆ, ಹೆಬ್ಬಾತು ಯಾವ ಹೊಲಕ್ಕೆ ಮೊದಲು ಇಳಿಯುತ್ತದೆ, ಕಾವಲು ಎಂದಿನಿಂದ ಬೇಕು ಎಂಬುದು ಅಂಗೈ ಗೆರೆಯಂತೆ ತಿಳಿಯುತ್ತದೆ. ಬೆಳೆಹಾನಿಯ ಬಗ್ಗೆ ಇಲಾಖೆಯೊಡನೆ ಮಾತಾಡುವಾಗಲೂ ಬಾಯಿಮಾತಿಗಿಂತ ಬರೆದಿಟ್ಟ ಲೆಕ್ಕಕ್ಕೆ ತೂಕ ಹೆಚ್ಚು. ಉತ್ತರಿ ಮಳೆ ಕಾಲಿಡುವ ಮುನ್ನವೇ ಆ ಹಾಳೆ ಗೋಡೆಯ ಮೇಲಿರಲಿ.